ಉಜ್ಜುವಲ್ಲೆಲ್ಲ ಎಣ್ಣೆ

ಘರ್ಷಣೆ ಕಡಿಮೆ ಮಾಡುತ್ತೇವೆಂದು ನಮ್ಮ ಗೋಮಾ ಪಟ್ಟಣಕ್ಕೆ ಬಂದವರನ್ನು ಮೂವತ್ತು ವರ್ಷಗಳಿಂದ ನೋಡುತ್ತಿದ್ದೇವೆ. ಅವರು ಬಂದಷ್ಟೂ ಜೀಪುಗಳು ಹೆಚ್ಚಿದವು, ಘರ್ಷಣೆ ಇದ್ದಲ್ಲೇ ಇದೆ. ಆದರೆ ಇಂಜಿನಿಯರ್ ತೆಯೋಫಿಲ್ ಲುಜೋಲೊ ಅವರು ಕಡಿಮೆ ಮಾಡಲು ಬಂದದ್ದು ಬಂದೂಕಿನವರ ಘರ್ಷಣೆಯನ್ನಲ್ಲ, ಚಕ್ರದ ಘರ್ಷಣೆಯನ್ನು. ಇದೊಂದು ಹೊಸ ರುಚಿ ಎಂದು ಊರು ಒಪ್ಪಿಕೊಂಡಿತು.

ರಾಜಧಾನಿ ಕಿನ್ಶಾಸಾದಿಂದ ವಿಮಾನದಲ್ಲಿ ಬಂದಿಳಿದ ಲುಜೋಲೊ ಸಾಹೇಬರಿಗೆ ಫ್ರೆಂಚ್ ಬರುತ್ತಿತ್ತು, ಲಿಂಗಾಲ ಬರುತ್ತಿತ್ತು, ನಮ್ಮ ಸ್ವಾಹಿಲಿ ಬರುತ್ತಿರಲಿಲ್ಲ. ಆದ್ದರಿಂದ ನಾನು ಬೇಕಾದೆ. ಭೌತಶಾಸ್ತ್ರದಲ್ಲಿ ಪದವಿ ಪಡೆದು, ಮೂರು ವರ್ಷ ಮನೆಯಲ್ಲಿ ಕೂತು ಜಡತ್ವದ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದ ನನ್ನ ಮೇಲೆ ಕೊನೆಗೂ ಹೊರಗಿನ ಬಲವೊಂದು ಪ್ರಯೋಗವಾಯಿತು: ದುಭಾಷಿಯ ಕೆಲಸ. ಸಾಹೇಬರು ಹೇಳಿದ್ದನ್ನು ನಾನು ಜನರಿಗೆ ಹೇಳಬೇಕು, ಜನ ಹೇಳಿದ್ದನ್ನು ಸಾಹೇಬರಿಗೆ. ಎರಡೂ ಕಡೆಯವರು ಪೂರ್ತಿ ಕೇಳಿಸಿಕೊಂಡರೆ ಕೆಲಸ ಉಳಿಯುವುದಿಲ್ಲವಾದ್ದರಿಂದ ನಡುವೆ ಸ್ವಲ್ಪ ಸೋಸುತ್ತಿದ್ದೆ.

ಸಾಹೇಬರ ಗುರಿ ನಮ್ಮ ಚುಕುಡು. ಮುಂದೊಂದು ಹಿಂದೊಂದು ರಬ್ಬರು ಸುತ್ತಿದ ಮರದ ಚಕ್ರ, ನಡುವೆ ಒಂದು ದಪ್ಪ ಹಲಗೆ, ಮುಂದೆ ಹೋರಿಯ ಕೊಂಬಿನಂಥ ಹಿಡಿ. ಒಂದು ಮಂಡಿ ಹಲಗೆಯ ಮೇಲೂರಿ ಇನ್ನೊಂದು ಕಾಲಲ್ಲಿ ನೆಲ ಒದ್ದರೆ ಮುಂದೆ ಹೋಗುತ್ತದೆ. ಆಲೂಗಡ್ಡೆ, ಇದ್ದಿಲು, ಎಲೆಕೋಸು, ಮದುಮಗಳ ಮಂಚ, ಸತ್ತವನ ಪೆಟ್ಟಿಗೆ ಎಲ್ಲವೂ ಬೆಟ್ಟದ ಮೇಲಿನಿಂದ ಇದರ ಮೇಲೇ ಇಳಿದು ಬರಬೇಕು. ಹತ್ತುವಾಗ ಕಷ್ಟ ಬಡವನದ್ದು, ಇಳಿಯುವಾಗ ಕಷ್ಟ ಬ್ರೇಕಿನದ್ದು.

ಬ್ರೇಕು ಮಾಡುವುದರಲ್ಲಿ ಮುಸಾವುಲಿ ಅಜ್ಜನನ್ನು ಮೀರಿಸಿದವರಿಲ್ಲ. ಮುನಿಗಿ ಇಳಿಜಾರಿನ ಬುಡದಲ್ಲಿ, ಕಪ್ಪು ಲಾವಾಕಲ್ಲಿನ ಗೋಡೆಗೆ ತಗಡು ಹೊದಿಸಿದ ಅವನ ಕೊಟ್ಟಿಗೆ. ಅಲ್ಲಿ ನಲವತ್ತು ವರ್ಷದಿಂದ ಚುಕುಡು ಕೆತ್ತುತ್ತಿದ್ದಾನೆ. ಹಿಂದಿನ ಚಕ್ರದ ಮೇಲೆ ಕೀಲು ಹಾಕಿದ ಒಂದು ಮರದ ನಾಲಿಗೆ. ನಾಲಿಗೆಯ ಅಡಿಗೆ ಮೊಳೆ ಹೊಡೆದು ಕೂರಿಸಿದ ಟೈರಿನ ಹಳೇ ಚಪ್ಪಲಿ. ಹಿಮ್ಮಡಿಯಲ್ಲಿ ಒತ್ತಿದರೆ ಚಪ್ಪಲಿ ಚಕ್ರವನ್ನು ಕಚ್ಚುತ್ತದೆ. ಹೊಸ ಚಪ್ಪಲಿ ಕೊಟ್ಟರೆ ಅಜ್ಜ ಮುಟ್ಟುವುದಿಲ್ಲ. ಕನಿಷ್ಠ ಎರಡು ವರ್ಷ ಅದನ್ನು ಮೆಟ್ಟಿ ಮನುಷ್ಯ ನಡೆದಿರಬೇಕು, ಅದೂ ಸೋಮಾರಿ ಮನುಷ್ಯ ಆಗಬಾರದು. ಹಿಮ್ಮಡಿ ಎಳೆದುಕೊಂಡು ನಡೆಯುವವರ ಚಪ್ಪಲಿಗೆ ಕಚ್ಚುವ ಗುಣ ಇರುವುದಿಲ್ಲ ಎಂಬುದು ಅವನ ಶಾಸ್ತ್ರ. ನನ್ನ ಚಪ್ಪಲಿಯನ್ನು ಒಮ್ಮೆ ತಿರುವಿ ನೋಡಿ, ಮತ್ತೆ ನನ್ನ ಕಾಲ ಬಳಿಯೇ ಇಟ್ಟಿದ್ದ.

ಇಳಿಜಾರಿನ ತುದಿಯಲ್ಲಿ ಚುಕುಡುವಿನವರೆಲ್ಲ ತಪ್ಪದೆ ಮಾಡುವ ಇನ್ನೊಂದು ಕೆಲಸವುಂಟು. ಒಂದು ಒರಟು ಲಾವಾಕಲ್ಲು ಎತ್ತಿಕೊಂಡು ಬ್ರೇಕಿನ ಚಪ್ಪಲಿಯನ್ನು ಮೂರು ಸಲ ಗಸಗಸ ಕೆರೆಯುವುದು. ಇದಕ್ಕೆ ಬ್ರೇಕಿಗೆ ತುತ್ತು ಹಾಕುವುದು ಎನ್ನುತ್ತಾರೆ. ಹಸಿದ ಬ್ರೇಕು ಮನುಷ್ಯನನ್ನೇ ತಿನ್ನುತ್ತದಂತೆ.

ಈ ಚಪ್ಪಲಿಯ ಮೇಲೆ ಪುರಭವನದ ಕಣ್ಣು ಬಿತ್ತು. ಲುಜೋಲೊ ಸಾಹೇಬರ ‘ಸುಗಮ ಸಂಚಾರ ಯೋಜನೆ’ಯ ಮಾತು ಕೇಳಿ ಆದೇಶವೊಂದು ಹೊರಟಿತು: ಪರೀಕ್ಷೆಯಲ್ಲಿ ಪಾಸಾದ ಬ್ರೇಕಿಗೆ ಮಾತ್ರ ಇಳಿಜಾರಿನ ದಾರಿ, ಪ್ರಮಾಣಪತ್ರ ಇಲ್ಲದವನ ಕೊಟ್ಟಿಗೆ ತೆರವು. ಯೋಜನೆಯವರ ಹೊಳೆಯುವ ಕಬ್ಬಿಣದ ಬ್ರೇಕು ಪರೀಕ್ಷೆಗೆ ಮೊದಲೇ ಪಾಸಾಗಿತ್ತು. ಫೇಲಾಗಬೇಕಾದ್ದು ಮುಸಾವುಲಿ ಅಜ್ಜನದ್ದೊಂದೇ ಬಾಕಿ. ಕೊಟ್ಟಿಗೆಯ ಗೋಡೆಗೆ ಅದಾಗಲೇ ಕೆಂಪು ಬಣ್ಣದಲ್ಲಿ ದೊಡ್ಡದೊಂದು ಅಡ್ಡಗೀಟು ಬಳಿದು ಹೋಗಿದ್ದರು. ಜ್ವಾಲಾಮುಖಿ ಸಿಡಿದು ಲಾವಾ ಎರಡು ಸಲ ಊರಿಗೆ ಬಂದಾಗಲೂ ಉಳಿದ ಗೋಡೆ ಅದು. ಲಾವಾಕ್ಕೆ ಆದೇಶ ಓದಲು ಬರುವುದಿಲ್ಲವಲ್ಲ.

ಪರೀಕ್ಷೆಗೆ ಒಂದು ವಾರ ಮೊದಲು ತರಬೇತಿ. ಚುಕುಡು ಸಂಘದ ಅಂಗಳದಲ್ಲಿ ಸಾಹೇಬರು ಕರಿಹಲಗೆಯ ಮೇಲೆ ಒಂದು ಓರೆ ಗೆರೆ ಎಳೆದರು, ಅದರ ಮೇಲೊಂದು ಚೌಕ ಕೂರಿಸಿದರು, ಚೌಕದಿಂದ ನಾಲ್ಕು ದಿಕ್ಕಿಗೆ ಬಾಣ ಬಿಟ್ಟರು. ಆಮೇಲೆ ಅವರ ದನಿ ಹೊರಟಿತು, ಹೊಸ ಬಾಗಿಲಿನಂತೆ, ಒಂದಿಷ್ಟೂ ಕಿರುಗುಟ್ಟದೆ.

“ಮಿತ್ರರೇ, ಅಂದರೆ, ಚಲನೆಯ ಪರಮಶತ್ರು ಯಾರು? ಘರ್ಷಣೆ. ತಾವು ವ್ಯಯಿಸುವ ಶಕ್ತಿಯ ಬಹುಪಾಲನ್ನು, ಅಂದರೆ, ಈ ಅದೃಶ್ಯ ತಸ್ಕರನು ಅಪಹರಿಸುತ್ತಿದ್ದಾನೆ.”

ನಾನು ಅದೇ ಗತ್ತಿನಲ್ಲಿ ಎದೆಯುಬ್ಬಿಸಿ ಅನುವಾದಿಸಿದೆ: “ನಿಮ್ ಬೆವರು ಕದಿಯೋ ಕಳ್ಳ ಒಬ್ನಿದಾನಂತೆ. ಸಾಹೇಬ್ರು ಹುಡುಕ್ಕೊಂಡು ಬಂದವ್ರೆ.”

ಒಬ್ಬನೇನಾ ಎಂದು ಹಿಂದಿನಿಂದ ಯಾರೋ ಕೇಳಿದರು. ಅದನ್ನು ನಾನು ಸೋಸಿಬಿಟ್ಟೆ.

ಎಲೆಕೋಸು ಮಾರುವ ಕಹಾಂಬು ಅಕ್ಕ ಮುಂದಿನ ಸಾಲಿನಲ್ಲೇ ಕೂತಿದ್ದಳು. ಅವಳ ಸರಕು ಇಳಿಯುವುದೆಲ್ಲ ಅಜ್ಜನ ಬ್ರೇಕಿನ ಮೇಲೆ. ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿದ ಮೊಮ್ಮಗುವನ್ನು ಒಮ್ಮೆ ಮೇಲೆ ಸರಿಸಿ, ಅವಳು ಗಂಟನ್ನು ಬಿಗಿ ಮಾಡಿಕೊಂಡು ಕೇಳಿದಳು:

“ಆ ಕಳ್ಳ ಇಲ್ದಿದ್ರೆ ಈ ಗಂಟು ನಿಲ್ಲತ್ತಾ ಸಾಹೇಬ್ರೇ? ಮಗು ಎಲ್ಲಿರ್ತಿತ್ತು?”

ಇದನ್ನು ನಾನು ನಿಯತ್ತಾಗಿ ದಾಟಿಸಿದೆ. ಸಾಹೇಬರು ಮುಗುಳ್ನಕ್ಕು, ಮಗು ಪಠ್ಯದ ವ್ಯಾಪ್ತಿಗೆ ಬರುವುದಿಲ್ಲ ಎಂದರು.

ಕೊನೆಗೆ ಎಲ್ಲರೂ ಬಾಯಿಪಾಠ ಮಾಡಲೇಬೇಕಾದ ಒಂದು ವಾಕ್ಯ ಕೊಟ್ಟರು. ಉಜ್ಜುವಲ್ಲೆಲ್ಲ ಎಣ್ಣೆ ಹಾಕತಕ್ಕದ್ದು. ಮೂರು ತಿಂಗಳ ದುಭಾಷಿತನದಲ್ಲಿ ಒಂದಕ್ಷರ ಕೂಡಿಸದೆ, ಒಂದಕ್ಷರ ಕಳೆಯದೆ ನಾನು ಅನುವಾದಿಸಿದ ಒಂದೇ ಒಂದು ವಾಕ್ಯ ಅದು. ನಡೆದದ್ದೆಲ್ಲ ಅದರಿಂದಲೇ ನಡೆಯಿತು. ಇಂದಿಗೂ ನಿಷ್ಠೆಯ ಮೇಲೆ ನನಗೆ ಭರವಸೆ ಇಲ್ಲ.

ಆ ವಾಕ್ಯವನ್ನು ಎದೆಗೆ ಹಾಕಿಕೊಂಡವನು ಸಂಘದ ಅಧ್ಯಕ್ಷ ಕಾಟ್ಸುವಾ. ಅಧ್ಯಕ್ಷನಾದ ಮೇಲೆ ಅವನು ಚುಕುಡು ಮುಟ್ಟಿರಲಿಲ್ಲ. ಹೊಟ್ಟೆ ಮಾತ್ರ ಇಳಿಜಾರಿನಲ್ಲಿ ಬಿಟ್ಟ ಚಕ್ರದಂತೆ ತಡೆಯಿಲ್ಲದೆ ಮುಂದೆ ಬಂದಿತ್ತು. ಯೋಜನೆಯವರು ಅವನಿಗೊಂದು ಟೋಪಿ, ಹೆಸರು ಬರೆದ ಬನಿಯನ್ನು, ಕೈಯಲ್ಲಿ ಹಿಡಿಯುವ ಧ್ವನಿವರ್ಧಕ ಕೊಟ್ಟಿದ್ದರು. ಹೊಸ ಬ್ರೇಕಿನ ಚುಕುಡುವನ್ನು ಪರೀಕ್ಷೆಗೆ ಸಿದ್ಧಪಡಿಸುವ ಹೊಣೆಯೂ ಅವನದ್ದೇ. ಅವನು ಸೋಮಾರಿಯಲ್ಲ, ಅದೇ ಕಷ್ಟವಾದದ್ದು. ಪರೀಕ್ಷೆಯ ಬೆಳಿಗ್ಗೆ ತಾಳೆಣ್ಣೆಯ ಡಬ್ಬ ಹಿಡಿದು ಚುಕುಡುವಿನ ಸುತ್ತ ಮೂರು ಪ್ರದಕ್ಷಿಣೆ ಹಾಕಿದ. ಅಚ್ಚು ಉಜ್ಜುತ್ತದೆ, ಎಣ್ಣೆ. ಹಿಡಿಯ ಕೀಲು ಉಜ್ಜುತ್ತದೆ, ಎಣ್ಣೆ. ಆಮೇಲೆ ಬ್ರೇಕಿನ ಮುಂದೆ ನಿಂತು ಯೋಚಿಸಿದ. ಇಡೀ ಗಾಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಉಜ್ಜುವುದು ಇದೇ ಅಲ್ಲವೇ? ಕಬ್ಬಿಣದ ಬ್ರೇಕಿನ ಅಂಗೈಗೆ ಎರಡು ಸಲ, ಹಿಂಚಕ್ರದ ರಬ್ಬರಿನ ಸುತ್ತ ಒಂದು ಸಲ ಬಳಿದ. ಬಿಸಿಲಿಗೆ ಮದುಮಗನ ಕೆನ್ನೆಯಂತೆ ಫಳಫಳ ಹೊಳೆಯಿತು. ಸಾಹೇಬರು ಬಂದು ನೋಡಿ, ಹೀಗಿರಬೇಕು ನಿರ್ವಹಣೆ ಎಂದು ಬೆನ್ನು ತಟ್ಟಿದರು. ನಾನೂ ನೋಡಿದೆ; ಬಣ್ಣ ಅಂದುಕೊಂಡೆ.

ಪರೀಕ್ಷೆಯ ನಿಯಮ ಸರಳವಾಗಿತ್ತು. ಪ್ರತಿ ಚುಕುಡುವಿನ ಮೇಲೆ ನಾಲ್ಕು ಮೂಟೆ ಆಲೂಗಡ್ಡೆ. ಮುನಿಗಿ ಇಳಿಜಾರಿನ ತುದಿಯಿಂದ ಹೊರಟು ಬುಡದಲ್ಲಿ ಎಳೆದ ಸುಣ್ಣದ ಗೆರೆಯ ಮೊದಲು ನಿಲ್ಲಬೇಕು. ಗೆರೆ ದಾಟಿದರೆ ಫೇಲು. ಗೆರೆಯಿಂದ ಮೂವತ್ತು ಹೆಜ್ಜೆ ಆಚೆ ಬಿಳಿ ಹಾಸು ಹೊದಿಸಿದ ಮೇಜು. ಅದರ ಹಿಂದೆ ಪುರಭವನದ ಅಧಿಕಾರಿ, ಸೋಡಾ ಬಾಟಲಿಗಳು, ಹುರಿದ ಸಣ್ಣ ಮೀನಿನ ತಟ್ಟೆ. ಮೇಜಿನ ಹಿಂದೆ ಲಾರಿಗಳು ಓಡಾಡುವ ದೊಡ್ಡ ರಸ್ತೆ.

ಸಾಹೇಬರು ತುದಿಗೆ ನಡೆದೇ ಬರಬೇಕಾಯಿತು. ಅವರ ಬೂಟಿನ ಅಡಿ ಕನ್ನಡಿಯಷ್ಟು ನುಣುಪು. ಲಾವಾ ಪುಡಿಯ ಮೇಲೆ ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಹಿಂದೆ ಜಾರುತ್ತಿದ್ದರು. ಕೊನೆಗೆ ನನ್ನ ಹೆಗಲು ಹಿಡಿದುಕೊಂಡು, ಪರಮಶತ್ರುವಿನ ಕೃಪೆಯಿಂದಲೇ, ತುದಿ ಮುಟ್ಟಿದರು.

ಮುಸಾವುಲಿ ಅಜ್ಜ ಅಲ್ಲಿ ಆಗಲೇ ಸಿದ್ಧನಾಗಿ ನಿಂತಿದ್ದ. ಅರವತ್ತೆಂಟರ ಮುದುಕ, ಒಣಗಿದ ಮೀನಿನಂಥ ಮೈ. ಒಂದು ಕಲ್ಲೆತ್ತಿ ತನ್ನ ಬ್ರೇಕಿಗೆ ಮೂರು ತುತ್ತು ಹಾಕಿದ. ಆಮೇಲೆ ಕಾಟ್ಸುವಾನ ಚುಕುಡುವಿನತ್ತ ತಿರುಗಿ ಕಲ್ಲು ಚಾಚಿದ. ಕಬ್ಬಿಣಕ್ಕೆ ಗೀರು ಬಿದ್ದರೆ ಯೋಜನೆಗೆ ಏನು ಹೇಳಲಿ ಎಂದು ಅಧ್ಯಕ್ಷ ಕೈ ಅಡ್ಡ ಹಿಡಿದ. ಅಜ್ಜ ಕಲ್ಲನ್ನು ಜೇಬಿಗೆ ಹಾಕಿಕೊಂಡ.

ಫೋಟೋ ಒಂದೇ ಚೌಕಟ್ಟಿನಲ್ಲಿ ಬರಬೇಕೆಂದು ಸಾಹೇಬರು ಇಬ್ಬರನ್ನೂ ಒಟ್ಟಿಗೆ ಬಿಡಿಸಲು ತೀರ್ಮಾನಿಸಿದರು. ಹಳತು ಇಪ್ಪತ್ತು ಹೆಜ್ಜೆ ಮುಂದೆ, ಹೊಸತು ಹಿಂದೆ. ಹೊಸತು ಹಳತನ್ನು ದಾಟಿಹೋಗುವ ಕ್ಷಣ ವರದಿಯ ಮುಖಪುಟಕ್ಕೆ. ಅಷ್ಟರಲ್ಲಿ ಕಹಾಂಬು ಅಕ್ಕ ಸೊಂಟಕ್ಕೆ ಕೈಯಿಟ್ಟು ಮುಂದೆ ಬಂದಳು.

“ಅಷ್ಟು ನಂಬಿಕೆ ಇದ್ರೆ ಮೂಟೆ ಮೇಲೆ ನೀವೇ ಕೂತ್ಕೊಳಿ ಸಾಹೇಬ್ರೇ. ಆಲೂಗಡ್ಡೆಗೇನು, ಪ್ರಾಣಭಯ ಇಲ್ಲ. ಅದರ ಸಾಕ್ಷಿ ಯಾರ್ ನಂಬ್ತಾರೆ?”

ಸುತ್ತ ನಿಂತ ಐವತ್ತು ಚುಕುಡುವಿನವರು ಹೌದು ಹೌದು ಎಂದರು. ಸಾಹೇಬರು ನನ್ನ ಮುಖ ನೋಡಿದರು. ತಾವು ಆಸನವನ್ನು ಅಲಂಕರಿಸಿದರೆ ಚಿತ್ರ ಶೋಭಿಸುತ್ತದೆಂದು ಸಭಿಕರು ಬಿನ್ನವಿಸಿಕೊಳ್ಳುತ್ತಿದ್ದಾರೆ ಎಂದು ನಾನು ಅವರದೇ ಧಾಟಿಯ ಫ್ರೆಂಚಿನಲ್ಲಿ ಅರಿಕೆ ಮಾಡಿದೆ. ಅವರು ಕೋಟಿನ ಗುಂಡಿ ಹಾಕಿಕೊಂಡು ಮೂಟೆ ಏರಿದರು. ತಪ್ಪು ನನ್ನದೇ, ಒಪ್ಪುತ್ತೇನೆ. ಆದರೆ ಫ್ರೆಂಚ್ ಅವರದ್ದು.

ಹಸಿರು ಬಾವುಟ ಇಳಿಯಿತು. ಅಜ್ಜ ಹೊರಟ, ಹಿಮ್ಮಡಿಯನ್ನು ನಾಲಿಗೆಯ ಮೇಲೆ ಹಗುರವಾಗಿ ಇಟ್ಟು, ಆತುರವಿಲ್ಲದೆ. ಹಿಂದಿನಿಂದ ಕಾಟ್ಸುವಾ ಎರಡು ಸಲ ನೆಲ ಒದ್ದ. ಮೂರನೆಯದು ಬೇಕಾಗಲಿಲ್ಲ. ಎಣ್ಣೆ ಕುಡಿದ ಚಕ್ರ, ನಾಲ್ಕು ಮೂಟೆ, ಒಬ್ಬ ಅಧ್ಯಕ್ಷ, ಒಬ್ಬ ಇಂಜಿನಿಯರ್. ಭೂಮಿಗೆ ಇಷ್ಟು ಸಾಕಲ್ಲವೇ? ತನ್ನದು ತನಗೆ ಬೇಕೆಂದು ಎಳೆದುಕೊಂಡಿತು.

ಮೊದಲ ಐವತ್ತು ಹೆಜ್ಜೆ ಸಾಹೇಬರು ಕ್ಯಾಮೆರಾದತ್ತ ಕೈಬೀಸುತ್ತಿದ್ದರು. ಕಾಟ್ಸುವಾ ಬ್ರೇಕು ತುಳಿದ. ಕಬ್ಬಿಣ ಬಾಗಿ ಚಕ್ರವನ್ನು ಮುಟ್ಟಿತು, ಸವರಿತು, ಮುದ್ದಿಸಿತು, ಹಿಡಿಯಲಿಲ್ಲ. ಇನ್ನೊಮ್ಮೆ ತುಳಿದ. ಮದುವೆ ಮನೆಯಲ್ಲಿ ನೆಂಟರು ಕೈಕುಲುಕುವಂತೆ ಅಷ್ಟೇ ಮೆತ್ತಗೆ ಸವರಿತು. ಆಗ ಅವನ ಧ್ವನಿವರ್ಧಕ, ಅದು ಕುತ್ತಿಗೆಯಲ್ಲಿ ನೇತಾಡುತ್ತ ಚಾಲೂ ಆಗಿಯೇ ಇತ್ತು, ಇಡೀ ಬೆಟ್ಟಕ್ಕೆ ಕೇಳುವಂತೆ ಹೇಳಿತು:

“ಅಯ್ಯೋ ಅಜ್ಜಾ, ಪಕ್ಕಕ್ ಸರಿಯಪ್ಪಾ, ಇದು ನಿಲ್ತಾ ಇಲ್ಲ.”

ಅಜ್ಜ ತಿರುಗಿ ನೋಡಿದ. ಕೆಳಗೆ ಗೆರೆ, ಗೆರೆಯಾಚೆ ಮೇಜು, ಮೇಜಿನಾಚೆ ಲಾರಿಗಳು. ಅವನು ಪಕ್ಕಕ್ಕೆ ಸರಿದಿದ್ದರೆ ಅವನ ಬ್ರೇಕು ಗೆರೆಯ ಮೊದಲೇ ಸುಖವಾಗಿ ನಿಂತು, ಪಾಸಾಗಿ, ಕೊಟ್ಟಿಗೆ ಉಳಿಯುತ್ತಿತ್ತು. ಅವನು ಹಿಮ್ಮಡಿ ಎತ್ತಿಬಿಟ್ಟ.

ತುದಿಯಲ್ಲಿ ನಿಂತ ನಮಗೆ ಮುದುಕನೂ ಕೈಬಿಟ್ಟ ಎನಿಸಿತು. ಚುಕುಡುವಿನವರಿಗೆ ಮಾತ್ರ ಗೊತ್ತಾಯಿತು. ನಿಲ್ಲಿಸಬೇಕಾದವನು ಮೊದಲು ಜೊತೆಗೆ ಓಡಬೇಕು. ಅಜ್ಜನ ವೇಗ ಏರಿತು, ಹಿಂದಿನದರ ಸಮಕ್ಕೆ ಬಂತು, ಅವನ ಚುಕುಡು ಸರಿಯಾಗಿ ಅದರ ಮುಂದಕ್ಕೆ ಸೇರಿತು. ಕಾಟ್ಸುವಾನ ಮುಂಚಕ್ರ ಅಜ್ಜನ ಮೂಟೆಗಳಿಗೆ ಮೆಲ್ಲಗೆ, ಹಸು ಕರುವನ್ನು ತಿವಿಯುವಂತೆ, ತಾಗಿಕೊಂಡಿತು. ಆಗ ಮುದುಕ ಹಲಗೆಯ ಮೇಲಿನ ಮಂಡಿ ಎತ್ತಿ, ಇಡೀ ಮೈಭಾರವನ್ನು ಒಂದು ಹಿಮ್ಮಡಿಗೆ ಇಳಿಸಿ ಚಪ್ಪಲಿಯ ಮೇಲೆ ನಿಂತ.

ಮೊದಲು ಹೊಗೆ ಬಂತು. ಆಮೇಲೆ ವಾಸನೆ, ಸುಟ್ಟ ರಬ್ಬರಿನದ್ದು. ಆಮೇಲೆ ಸದ್ದು, ಅದನ್ನು ನಾನು ಊರಿನ ಸಂತೆಯಲ್ಲಿ ಎಷ್ಟು ಸಲ ಅನುಕರಿಸಿ ಚಪ್ಪಾಳೆ ಗಿಟ್ಟಿಸಿದ್ದರೂ ಬರೆಯಲು ಬಾರದು. ಯಾರೋ ಎರಡು ವರ್ಷ ನಡೆದ ದಾರಿಯನ್ನೆಲ್ಲ ಆ ಚಪ್ಪಲಿ ಅರೆಗಳಿಗೆಯಲ್ಲಿ ವಾಪಸು ನಡೆಯಿತು. ಹಿಂದೆ ಕಾಟ್ಸುವಾ ಎರಡೂ ಕಾಲು ನೆಲಕ್ಕೆ ಊರಿ ಎಳೆಸಿಕೊಂಡು ಬರುತ್ತಿದ್ದ. ಎರಡು ಚುಕುಡು ಸುಣ್ಣದ ಗೆರೆ ದಾಟಿದವು. ಮತ್ತೂ ಬಂದವು. ಅಧಿಕಾರಿ ಎದ್ದು ನಿಂತು, ಓಡಲು ಪದವಿ ಅಡ್ಡಬಂದು, ಮೀನಿನ ತಟ್ಟೆ ಎತ್ತಿಕೊಂಡರು. ಅಜ್ಜನ ಮುಂಚಕ್ರ ಬಿಳಿ ಹಾಸಿನ ಅಂಚನ್ನು ಮುಟ್ಟಿ ನಿಂತಿತು. ಒಂದು ಸೋಡಾ ಬಾಟಲಿ ಅಲುಗಾಡಿ, ಬೀಳಬೇಕೋ ಬೇಡವೋ ಎಂದು ಯೋಚಿಸಿ, ಬೀಳಲಿಲ್ಲ.

ನಾವು ಓಡಿ ಇಳಿಯುವಷ್ಟರಲ್ಲಿ ಸಾಹೇಬರನ್ನು ಮೂಟೆಯಿಂದ ಬಿಡಿಸುವ ಕೆಲಸ ನಡೆದಿತ್ತು. ಗೋಣಿಯನ್ನು ಅವರು ಹತ್ತೂ ಬೆರಳಲ್ಲಿ ಹಿಡಿದಿದ್ದರು, ಪರಮಶತ್ರುವನ್ನು ಯಾರೂ ಅಷ್ಟು ಬಿಗಿಯಾಗಿ ಅಪ್ಪಿಕೊಂಡಿರಲಾರರು. ಮುಸಾವುಲಿ ಅಜ್ಜ ಬಗ್ಗಿ ತನ್ನ ಬ್ರೇಕು ನೋಡುತ್ತಿದ್ದ. ಚಪ್ಪಲಿ ಕಾಗದದಷ್ಟು ತೆಳ್ಳಗಾಗಿತ್ತು.

ಐದು ನಿಮಿಷ ಉಸಿರಾಡಿ, ಒಂದು ಸೋಡಾ ಕುಡಿದು, ಕೋಟು ಕೊಡವಿಕೊಂಡ ಮೇಲೆ ಸಾಹೇಬರು ಮತ್ತೆ ಇಂಜಿನಿಯರ್ ಆದರು. ನಮೂನೆ ತುಂಬಲು ನನಗೆ ಹೇಳಿದರು. ನಿಂತ ಸ್ಥಳ ಎಂಬಲ್ಲಿ ಎರಡೇ ಚೌಕ: ಗೆರೆಯ ಮೊದಲು, ಗೆರೆಯ ನಂತರ.

“ಮುಸಾವುಲಿ. ಗೆರೆಯ ನಂತರ,” ಎಂದರು.

ನಾನು ಲೇಖನಿ ಎತ್ತಿದವನು ಹಾಗೇ ನಿಂತೆ. ಸುತ್ತಲಿನವರಿಗೆ ಫ್ರೆಂಚ್ ಬಾರದು; ಆದರೆ ಸಾಹೇಬರ ಬೆರಳು ಯಾವ ಚೌಕ ತೋರಿಸಿತೆಂದು ಎಲ್ಲರಿಗೂ ಕಂಡಿತು. ಅಜ್ಜ ತಲೆಯೆತ್ತಿ ಕೊಟ್ಟಿಗೆಯ ಗೋಡೆಯ ಮೇಲಿನ ಕೆಂಪು ಗೀಟು ನೋಡಿದ. ಸಾಹೇಬರ ಪ್ರಾಣ ಉಳಿಸಲು ಅವನು ತೆತ್ತದ್ದು ಕೊಟ್ಟಿಗೆಯನ್ನು.

ಕಹಾಂಬು ಅಕ್ಕ ಮಾತ್ರ ನಮೂನೆಯ ಮೇಲೆ ಬಗ್ಗಿದಳು. ಅವಳಿಗೆ ಓದಲು ಬರುತ್ತದೆಂಬುದೇ ನನಗೆ ತಿಳಿದಿರಲಿಲ್ಲ.

“ಅದಕ್ ಮೊದ್ಲು ಇನ್ನೊಂದು ಮನೆ ಖಾಲಿ ಬಿಟ್ಟಿದೀಯಲ್ಲ ತಮ್ಮ. ಹೊರೆ ಎಷ್ಟು ಅಂತ ಬರ್ಕೋ.”

ಹೌದು, ಹೊರೆ ಎಂಬ ಅಂಕಣ ಇತ್ತು. ಯೋಜನೆಯೇ ಫ್ರೆಂಚ್, ಸ್ವಾಹಿಲಿ ಎರಡರಲ್ಲೂ ಅಚ್ಚು ಹಾಕಿಸಿದ ನಮೂನೆ. ನಾನು ಗಂಟಲು ಸರಿಮಾಡಿಕೊಂಡು, ಸಾಹೇಬರ ಉಪನ್ಯಾಸದ ಧಾಟಿಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳುತ್ತ ಬರೆಯುತ್ತ ಹೋದೆ. ಮುಸಾವುಲಿಯ ಬ್ರೇಕು ನಿಲ್ಲಿಸಿದ ಹೊರೆ: ಮೂಟೆ ಎಂಟು. ಚುಕುಡು ಎರಡು. ಸಂಘದ ಅಧ್ಯಕ್ಷರು ಒಬ್ಬರು. ಆಮೇಲೆ ಲೇಖನಿಯನ್ನು ಗಾಳಿಯಲ್ಲಿ ನಿಲ್ಲಿಸಿ ವಿನಯದಿಂದ ಕೇಳಿದೆ:

“ಸಾಹೇಬರೇ, ತಮ್ಮ ತೂಕ?”

ಸಾಹೇಬರು ನಮೂನೆಯ ಮೇಲಿನ ಬೆರಳನ್ನು ಹಿಂದಕ್ಕೆ ತೆಗೆದುಕೊಂಡರು. ಅವರ ಮನಸ್ಸಿನಲ್ಲಿ ಓಡುತ್ತಿದ್ದುದು ನನಗೆ ಅನುವಾದವಿಲ್ಲದೆ ತಿಳಿಯುತ್ತಿತ್ತು. ಅಜ್ಜನನ್ನು ಫೇಲು ಮಾಡಲು ಹೊರೆ ಬರೆಯಬೇಕು. ಹೊರೆ ಬರೆದರೆ ತಾವೂ ಹೊರೆಯಲ್ಲಿ ಸೇರಬೇಕು. ಸೇರಿದರೆ, ಪಾಸಾದ ಬ್ರೇಕಿನ ಮೇಲೆ ಕೂತವರು ಫೇಲಾಗಬೇಕಾದ ಬ್ರೇಕಿಗೆ ಹೇಗೆ ಬಂದು ತಗುಲಿಕೊಂಡರು ಎಂದು ಮೇಲಿನವರು ಕೇಳುತ್ತಾರೆ. ಕರಿಹಲಗೆಯ ಆ ನಾಲ್ಕೂ ಬಾಣಗಳು ನಾಲ್ಕು ದಿಕ್ಕಿನಿಂದ ಚೌಕವನ್ನು ಒತ್ತುತ್ತಿದ್ದವು. ಚೌಕ ಅಲುಗಾಡುವಂತಿರಲಿಲ್ಲ.

“ಗೆರೆ, ಅಂದರೆ, ಯಾವುದು ಗೆರೆ?” ಎಂದರು ಕೊನೆಗೆ.

ಎಲ್ಲರೂ ನೋಡಿದೆವು. ಕಾಟ್ಸುವಾನ ಎರಡು ಹಿಮ್ಮಡಿ ಎಳೆದುಕೊಂಡು ಬಂದ ಕಡೆ ಸುಣ್ಣ ಪೂರ್ತಿ ಅಳಿಸಿಹೋಗಿತ್ತು. ಅಧ್ಯಕ್ಷನಾಗಿ ಅವನು ಸಂಘಕ್ಕೆ ಮಾಡಿದ ಒಂದೇ ಉಪಕಾರ ಅದು. ಪುರಭವನದ ಅಧಿಕಾರಿ ಮೀನಿನ ತಟ್ಟೆ ಕೆಳಗಿಟ್ಟು, ಸುಣ್ಣದ ಡಬ್ಬ ತರಿಸಿ, ಮೇಜಿನ ಹಿಂದೆ, ತಮ್ಮ ಕುರ್ಚಿಯ ಹಿಂದೆ, ಹೊಸದೊಂದು ಗೆರೆ ಎಳೆಸಿದರು. ನಮ್ಮ ಸರ್ಕಾರ ಯಾವತ್ತೂ ಗೆರೆ ದಾಟುವುದಿಲ್ಲ. ಗೆರೆಯೇ ವಿಧೇಯವಾಗಿ ಸರ್ಕಾರದ ಹಿಂದೆ ಹೋಗಿ ನಿಲ್ಲುತ್ತದೆ.

ಹಾಗಾಗಿ ಎರಡೂ ಚುಕುಡು ಗೆರೆಯ ಮೊದಲು ನಿಂತಿದ್ದವು. ಹೊರೆ ಎಂಬಲ್ಲಿ ‘ತಲಾ ನಾಲ್ಕು ಮೂಟೆ’. ಇಬ್ಬರೂ ಪಾಸು. ವರದಿಯಲ್ಲಿ ಫೋಟೋ ಬಂತು: ಹಳತು ಮತ್ತು ಹೊಸತು ಒಂದನ್ನೊಂದು ಆತುಕೊಂಡು ಇಳಿಯುತ್ತಿವೆ. ಅಡಿಬರಹ ‘ಸಹಕಾರ’.

ಪ್ರಮಾಣಪತ್ರಕ್ಕೆ ಸಹಿ ಹಾಕುವಾಗ ಮತ್ತೊಂದು ತೊಡಕಾಯಿತು. ದಪ್ಪ ಪ್ಲಾಸ್ಟಿಕ್ ಹೊದಿಕೆಯ ಹೊಳೆಯುವ ಕಾಗದ ಅದು. ಸಾಹೇಬರ ಲೇಖನಿ ಮೂರು ಸಲ ಜಾರಿತು, ಮಸಿ ಹಿಡಿಯಲಿಲ್ಲ. ಆಗ ಮುಸಾವುಲಿ ಅಜ್ಜ ಜೇಬಿನಿಂದ ಲಾವಾಕಲ್ಲು ತೆಗೆದು, ಸಹಿಯ ಜಾಗವನ್ನು ಮೂರು ಸಲ ಗಸಗಸ ಕೆರೆದು, ಮತ್ತೆ ಮುಂದೆ ಸರಿಸಿದ. ಸಹಿ ಕೂತಿತು. ಆ ದಿನ ಅವನು ಆಡಿದ ಒಂದೇ ಮಾತು ಆಗ ಬಂತು:

“ತುತ್ತು ಹಾಕ್ದೆ ಯಾವ್ದೂ ಹಿಡಿಯಲ್ಲ ಸಾಹೇಬ್ರೇ.”

ನಾನು ಅದನ್ನು ಅನುವಾದಿಸಿದೆ. ಸಾಹೇಬರು ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ತಮ್ಮ ಬೂಟಿನ ಅಡಿಯನ್ನು ತಿರುಗಿಸಿ ನೋಡುತ್ತಿದ್ದರು.

ಸಂಜೆ ಗೋಡೆಯ ಕೆಂಪು ಗೀಟನ್ನು ಕೆರೆಯಲು ನಾನೂ ಕೈಜೋಡಿಸಿದೆ. ಅಜ್ಜ ಅಷ್ಟರಲ್ಲಿ ಪ್ರಮಾಣಪತ್ರ ಹಿಡಿದು ಒಂದು ಚಕ್ರದ ಮುಂದೆ ಕೂತ. ಎಡಗೈಯಲ್ಲಿ ಚಕ್ರ ತಿರುಗಿಸಿ ಬಿಟ್ಟು, ಬಲಗೈಯಿಂದ ಪ್ರಮಾಣಪತ್ರವನ್ನು ಅದಕ್ಕೆ ಒತ್ತಿ ಹಿಡಿದ. ಚಕ್ರ ತನ್ನ ಪಾಡಿಗೆ ತಾನು ತಿರುಗುತ್ತಲೇ ಇತ್ತು. ಎರಡನೇ ಸಲ ಇನ್ನೂ ಗಟ್ಟಿಯಾಗಿ ಒತ್ತಿದ. ತಿರುಗುತ್ತಲೇ ಇತ್ತು. ಅವನು ತಲೆಯಾಡಿಸಿ, ಅದನ್ನು ಗೋಡೆಯ ಮೊಳೆಗೆ ತೂಗುಹಾಕಿ, ಹಳೇ ಚಪ್ಪಲಿಗಳ ರಾಶಿಗೆ ಕೈ ಹಾಕಿದ.